ಕೇಳದೆ ತಂದ ಅಕ್ಕಿ

ಚೀಲವನ್ನು ಎರಡೂ ಕೈಯಿಂದ ಹಿಡಿಯಬೇಕಂತೆ. ಬಾಗಿಲು ದಾಟಿ, ಗೇಟು ಎಳೆದುಕೊಂಡು, ಓಣಿಯ ತಿರುವಿಗೆ ಬಂದರೂ ಹೆಂಡತಿಯ ಆ ಮಾತು ಪ್ರಭುರಾಜನ ಬೆನ್ನು ಬಿಟ್ಟಿರಲಿಲ್ಲ. ‘ಒಂದ್ ಕೈಲೆ ಹಿಡಿದ್ರ ಚೀಲದ ಬಾಯಿ ಮುಚ್ಕೊಂತದ ರೀ, ನೀಡೋರು ಎಲ್ಲಿ ನೀಡಬೇಕು? ಎರಡೂ ಕೈಲೆ ಅಗಲ ಮಾಡಿ ಹಿಡೀರಿ. ಮತ್ತ ಬಾಯಿಬಿಟ್ಟು ಕೇಳ್ರಿ. ಸುಮ್ಮ ನಿಂತು ನಗಬ್ಯಾಡ್ರಿ.’ ನಡುಮನೆಯ ಮಂಚದ ಮೇಲೆ, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತ ಪ್ರಿಯದರ್ಶಿನಿ ಇದನ್ನು ಹೇಳುವಾಗ ನಗುತ್ತಿದ್ದಳೋ, ಗದರಿಸುತ್ತಿದ್ದಳೋ, ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನಿಗೂ ತಿಳಿಯಲಿಲ್ಲ. ಬಚ್ಚಲಲ್ಲಿ ಜಾರಿಬಿದ್ದು ಮೂಳೆ ಮುರಿದುಕೊಂಡ ಮೇಲೂ ಅವಳ ಚಿಂತೆ ಕಾಲಿನದಾಗಿರಲಿಲ್ಲ, ತಿಂಗಳ ಮೊದಲ ಶನಿವಾರದ್ದಾಗಿತ್ತು. ಆ ಶನಿವಾರ ಅವಳು ರಾಯಚೂರಿನ ಈ ಓಣಿಯಿಂದ ಹೊರಟು, ಮಾನ್ವಿಗೆ ಹೋಗಿ, ಗೆಳತಿಯರ ಮನೆಗಳಿಂದ ಹಿಡಿ ಅಕ್ಕಿ ಕೂಡಿಸಿಕೊಂಡು, ಹೊತ್ತು ಇಳಿಯುವುದರೊಳಗೆ ದೇವದುರ್ಗದ ಕಡೆಯ ಅರಕೇರಾದ ಮಿಷನ್ ಮನೆಗೆ ಮುಟ್ಟಿಸಿ ಬರುವವಳು. ಇಷ್ಟು ವರ್ಷ ಅದು ಅವಳ ಕೆಲಸವಾಗಿತ್ತು; ಈ ಹೊತ್ತು ಇವನ ಕೊರಳಿಗೆ ಬಿದ್ದಿತ್ತು.

ಹಿಡಿ ಅಕ್ಕಿ ಎಂದರೆ ದೊಡ್ಡ ಶಾಸ್ತ್ರವೇನಲ್ಲ. ಅನ್ನಕ್ಕೆ ಅಕ್ಕಿ ಅಳೆದು ತೊಳೆಯಲು ಹಾಕುವ ಮುಂಚೆ ಅದರಿಂದ ಒಂದು ಹಿಡಿ ಹಿಂದಕ್ಕೆ ತೆಗೆದು ಬೇರೆ ಡಬ್ಬಿಗೆ ಹಾಕುವುದು. ಪ್ರಿಯದರ್ಶಿನಿಯ ತಾಯಿ ಹಾಗೆ ಮಾಡುತ್ತಿದ್ದಳು, ಅವಳ ತಾಯಿಯೂ. ಮನೆಯವರ ಪಾಲಿನಿಂದಲೇ ತೆಗೆಯಬೇಕು, ಅದಕ್ಕೆಂದು ಹೆಚ್ಚಿಗೆ ಅಳೆಯಬಾರದು; ಆ ಹೊತ್ತಿನ ಅನ್ನ ಅಷ್ಟು ಕಡಿಮೆಯಾಗಬೇಕು. ಚರ್ಚಿನ ಸಭೆಯ ಹೆಂಗಸರೆಲ್ಲ ಒಂದು ಕಾಲಕ್ಕೆ ತೆಗೆದಿಟ್ಟು ಭಾನುವಾರ ಆರಾಧನೆಗೆ ತರುತ್ತಿದ್ದರು. ಕುಕ್ಕರು ಬಂದ ಮೇಲೆ ಹೆಚ್ಚಿನವರು ಮರೆತರು, ನೆನಪಿದ್ದವರು ನೋಟು ಮಡಚಿ ಕಾಣಿಕೆಯ ತಟ್ಟೆಗೆ ಹಾಕಿ ಕೈತೊಳೆದುಕೊಂಡರು. ಪ್ರಿಯದರ್ಶಿನಿ ಮಾತ್ರ ಬಿಡಲಿಲ್ಲ. ಬಿಡದಿದ್ದುದಷ್ಟೇ ಅಲ್ಲ, ಸಭೆಯವರು ಕೊಡದಿದ್ದರೆ ಗೆಳತಿಯರು ಕೊಡುತ್ತಾರೆ ಎಂದು ಹಿಂದೂ ಮನೆ, ಸಾಬರ ಮನೆ ಎನ್ನದೆ ಹೋಗಿ ಕೇಳಿದಳು. ‘ಇದು ಮಿಷನ್ ಕೆಲಸ, ನೋಡ್ರಿ. ಮಕ್ಕಳಿಗಿ ಊಟ ಹಾಕ್ತೀವಿ, ಸಾಲಿ ಕಲಿಸ್ತೀವಿ, ಸಂಜಿಮುಂದ ಯೇಸುಸ್ವಾಮಿ ಕಥಿನೂ ಹೇಳ್ತೀವಿ. ಮುಚ್ಚಿ ಇಟ್ಟು ಕೇಳೂದಿಲ್ಲ ನಾನು. ಮನಸಿದ್ರ ನೀಡ್ರಿ.’ ಅವರು ನೀಡಿದರು! ಅದೇ ಪ್ರಭುರಾಜನಿಗೆ ಇವತ್ತಿನವರೆಗೂ ಬಿಡಿಸಲಾಗದ ಒಗಟು. ಒಮ್ಮೆ ಬಸ್ಸಿನ ಕಿಟಕಿಯಿಂದ ಅವಳನ್ನು ನೋಡಿದ್ದ. ಯಾರದೋ ಮನೆಯ ಕಟ್ಟೆಯ ಕೆಳಗೆ ನಿಂತು, ಚೀಲದ ಬಾಯಿ ಅಗಲಿಸಿ ಹಿಡಿದು, ಮುಖ ಮೇಲೆತ್ತಿ ನಗುತ್ತ ಏನೋ ಕೇಳುತ್ತಿದ್ದಳು. ಪಕ್ಕದಲ್ಲಿ ಆಫೀಸಿನವರೊಬ್ಬರು ಕೂತಿದ್ದರು. ಅವರು ನೋಡಿಬಿಟ್ಟಾರೆಂದು ಇವನು ಏನೋ ಮಾತು ತೆಗೆದು ಅವರನ್ನು ತನ್ನ ಕಡೆ ತಿರುಗಿಸಿದ್ದ. ಅದೇ ಉಸಿರಿನಲ್ಲಿ, ಅಬ್ಬಾ ಇವಳ ಮುಖ ಹೀಗೂ ಬೆಳಗುತ್ತದೆಯೇ ಎಂದೂ ಅನ್ನಿಸಿತ್ತು. ಆ ಮುಖ ಮನೆಯಲ್ಲಿ ಅವನಿಗೆ ಕಂಡಿರಲಿಲ್ಲ, ಮತ್ತು ಅದಕ್ಕಾಗಿ ಅವನು ಒಂದು ವಾರ ಅವಳ ಜೊತೆ ಸರಿಯಾಗಿ ಮಾತನಾಡಿರಲಿಲ್ಲ.

ಅವನ ಕಚೇರಿಯಲ್ಲಿ ಜನ ಅವನ ಮೇಜಿನ ಮುಂದೆ ನಿಲ್ಲುತ್ತಾರೆ. ಹೆಡ್ ಕ್ಲಾರ್ಕ್ ಸಾಹೇಬರು ತಲೆ ಎತ್ತಿ ನೋಡುವವರೆಗೂ ಕೆಮ್ಮುವುದಿಲ್ಲ. ಲಂಚ ಮುಟ್ಟಿದವನಲ್ಲ, ಯಾರಿಗೂ ಒಂದು ರೂಪಾಯಿ ಕೈಗಡ ಕೇಳಿದವನಲ್ಲ, ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತರಿಸಿದವನಲ್ಲ. ತನ್ನ ಬಗ್ಗೆ ಅವನಿಗಿದ್ದ ಎಲ್ಲ ಅಭಿಮಾನವೂ ಈ ‘ಅಲ್ಲ’ಗಳ ಮೇಲೆಯೇ ನಿಂತಿತ್ತು. ಅಂಥವನ ಕೈಗೆ ಹಳೆಯ ದಿಂಬಿನ ಕವರು ಹರಿದು ಹೊಲಿದ ಚೀಲ! ನಾಲ್ಕು ಮಡಿಕೆ ಮಡಚಿ ಅದನ್ನು ಒಳ್ಳೆಯ ಕೈಚೀಲವೊಂದರಲ್ಲಿ ಬಚ್ಚಿಟ್ಟುಕೊಂಡಿದ್ದ. ಹಾಗೆಂದು ಕೆಲಸವನ್ನು ಹಗುರವಾಗಿ ಕಂಡವನೂ ಅಲ್ಲ. ಅರಕೇರಾದಲ್ಲಿ ಏನು ನಡೆಯುತ್ತದೆ ಅವನಿಗೆ ಗೊತ್ತು. ಅಲ್ಲಿಯ ಮಿಷನ್ ಮನೆಯನ್ನು ನೋಡಿಕೊಳ್ಳುವ ದುರುಗಮ್ಮ ಕುರಿ ಕಾಯುವ ಮನೆಯಿಂದ ಬಂದ ಮುದುಕಿ. ತಂದೆತಾಯಿಗಳು ಕೂಲಿ ಹುಡುಕಿ ದೂರದ ಊರುಗಳಿಗೆ ಗುಳೆ ಹೊರಡುವ ದಿನ ಟಂಟಂ ಗಾಡಿಯ ಬಳಿ ಹೋಗಿ ನಿಂತು, ‘ಮಕ್ಕಳನ್ನ ಬಿಟ್ಟು ಹೋಗ್ರಿ, ನಾ ಅದೀನಿ’ ಎಂದು ಒಂದೊಂದೇ ಮಗುವನ್ನು ಕೆಳಗಿಳಿಸಿಕೊಳ್ಳುವವಳು. ಅವಳ ಮನೆಯ ಅಕ್ಕಿಯ ಮಡಿಕೆ ತುಂಬಿದ್ದರೆ ಆ ಮಕ್ಕಳು ಶಾಲೆಯಲ್ಲಿರುತ್ತಾರೆ, ಬರಿದಾದರೆ ಯಾವುದೋ ಊರಿನ ಇಟ್ಟಿಗೆ ಭಟ್ಟಿಯ ಪಕ್ಕ ಇರುತ್ತಾರೆ. ಇಷ್ಟೇ ಲೆಕ್ಕ. ಈ ಸೋಮವಾರ ಮತ್ತೊಂದು ಗುಂಪು ಹೊರಡುವುದಿತ್ತು. ಅದಕ್ಕೇ ಪ್ರಿಯದರ್ಶಿನಿ, ‘ಈ ಸಲ ತಪ್ಪಬಾರದು ರೀ’ ಎಂದು ಮೂರು ಸಲ ಹೇಳಿದ್ದಳು. ನಮ್ಮ ಸಂಬಳದಲ್ಲೇ ಒಂದು ಮೂಟೆ ಕೊಂಡು ಕಳಿಸಿದರೆ ಆಗುವುದಿಲ್ಲವೇ ಎಂದು ಅವನು ರಾತ್ರಿಯೇ ಕೇಳಿನೋಡಿದ್ದ. ‘ಒಬ್ಬರ ಕೈಲೆ ನಡೆದ್ರ ಅದು ಒಬ್ಬರದಾಗಿ ಬಿಡ್ತದ’ ಎಂದು ಅವಳು ಗೋಡೆಯ ಕಡೆ ತಿರುಗಿದ್ದಳು.

ಮಂಜುಳಾಳ ಗಿರಣಿ ಓಣಿ ದಾಟಿದರೆ ಎಡಕ್ಕೆ. ಗಂಡ ಹೋದ ಮೇಲೆ ಅವನ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುತ್ತಿದ್ದಾಳೆ. ತಲೆಗೆ ಸೆರಗು ಬಿಗಿದು, ಹುಬ್ಬಿನವರೆಗೂ ಬೆಳ್ಳಗಾದ ಹೆಂಗಸು ಪ್ರಭುರಾಜನನ್ನು ಕಂಡ ಕೂಡಲೇ ಗಿರಣಿ ಬಂದ್ ಮಾಡಿದಳು. ಸದ್ದು ನಿಂತಿದ್ದೇ ತಪ್ಪಾಯಿತು. ಆ ಸದ್ದಿನಲ್ಲಾದರೆ ಏನನ್ನಾದರೂ ಒದರಿಬಿಡಬಹುದಿತ್ತು. ‘ಬರ್ರಿ ಸರ್, ಅಕ್ಕಾರ ಕಾಲು ಹ್ಯಾಂಗದರಿ? ನಿನ್ನಿನೇ ಬರಬೇಕಂತಿದ್ದೆ, ಈ ಬೆಲ್ಟು ಹರದು ನನ್ನ ಜೀವ ತಿಂತು’ ಎಂದಳು. ಹೀಗೆ ಅನ್ನುತ್ತಲೇ ಹಲಗೆಯ ಮೇಲಿದ್ದ ಸ್ಟೀಲಿನ ಡಬ್ಬಿಯ ಮೇಲೆ ಕೈ ಇಟ್ಟುಕೊಂಡು ನಿಂತಳು. ಪ್ರಭುರಾಜ ಅದನ್ನು ನೋಡಿದ. ನೋಡಿ, ಹಲಗೆಯ ಮೇಲಿದ್ದ ದೇವರ ಪಟಗಳನ್ನೂ ನೋಡಿದ, ಹಿಟ್ಟು ಬೀಸಿಸಲು ಬಂದು ಸಾಲಾಗಿ ಕೂತ ನಾಲ್ಕಾರು ಹೆಂಗಸರನ್ನೂ ನೋಡಿದ. ಮಿಷನ್ ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಅಡ್ಡವಾಯಿತು. ಇವರಲ್ಲಿ ಯಾರಾದರೂ ಒಬ್ಬಳು ಹುಬ್ಬೇರಿಸಿದರೆ? ಪಾಪ ಮಂಜುಳಾ ಒಬ್ಬೊಂಟಿ ಹೆಂಗಸು, ಅವಳಿಗೆ ಯಾಕೆ ನಾಲ್ಕು ಜನರೆದುರು ಮುಜುಗರ? ‘ಜ್ವಾಳದ ಹಿಟ್ಟು ಅದ ಏನವ್ವಾ? ಎರಡು ಕಿಲೋ ಕೊಡು’ ಎಂದುಬಿಟ್ಟ. ಮಂಜುಳಾ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಡಬ್ಬಿಯ ಮೇಲಿನ ಕೈ ತೆಗೆದು ಹಿಟ್ಟು ತೂಗಿದಳು. ‘ಮನಿಯಾಗ ಹಿಟ್ಟು ಮುಗೀತೇನ್ರಿ? ಮೊನ್ನಿನೇ ಬೀಸಿ ಕಳಿಸಿದ್ನಲ್ಲ’ ಎಂದಳು. ಅವನು ನಕ್ಕ. ಅದೇ, ಪ್ರಿಯದರ್ಶಿನಿ ನಗಬೇಡ ಎಂದಿದ್ದ ನಗು.

ಮಾನ್ವಿ ಬಸ್ಸಿನಲ್ಲಿ ತೊಡೆಯ ಮೇಲೆ ಹಿಟ್ಟಿನ ಪುಡಿಕೆ ಇಟ್ಟುಕೊಂಡು ಕೂತಾಗ ಅವನಿಗೆ ತಾನು ಮಾಡಿದ್ದು ಸರಿಯೆಂದೇ ತೋರಿತು. ಕಿಟಕಿಯಾಚೆ ಭತ್ತದ ಗದ್ದೆಗಳು, ಕಾಲುವೆಯ ಏರಿ, ಏರಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು. ಚಿಕ್ಕವನಿದ್ದಾಗ ಇದೇ ದಾರಿಯಲ್ಲಿ ಅಪ್ಪನ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದ. ಅಪ್ಪ ಹಳ್ಳಿಹಳ್ಳಿ ತಿರುಗಿ ಸುವಾರ್ತೆ ಹೇಳುವ ಉಪದೇಶಿ. ಯಾರ ಮನೆಯಲ್ಲಿ ಕೊಟ್ಟರೂ ಉಣ್ಣುವನು, ಕೊಡದಿದ್ದರೆ ಕೇಳುವನು. ‘ಯವ್ವಾ, ಹುಡುಗ ಹಸಿದಾನ, ಒಂದ್ ರೊಟ್ಟಿ ಅದ ಏನು?’ ಆ ಹುಡುಗ ತಾನೇ. ರೊಟ್ಟಿ ಬರುತ್ತಿತ್ತು, ಅದರ ಮೇಲೆ ಪುಂಡಿಪಲ್ಯವೂ ಬರುತ್ತಿತ್ತು; ತಿನ್ನುವಾಗ ಹುಡುಗ ತಲೆ ಎತ್ತುತ್ತಿರಲಿಲ್ಲ. ದೊಡ್ಡವನಾದ ಮೇಲೆ ಎಂದೂ ಯಾರಿಗೂ ಕೇಳಬಾರದು ಎಂದು ಅಂದುಕೊಂಡದ್ದು ಅಂಥದೊಂದು ಕಟ್ಟೆಯ ಮೇಲೆಯೇ ಇರಬೇಕು. ಆದರೆ ಆ ರೊಟ್ಟಿಯ ರುಚಿ? ಅದು ನಾಲಿಗೆಯ ಮೇಲೆ ಇನ್ನೂ ಇತ್ತು, ಸುಳ್ಳು ಹೇಳಬಾರದು. ಕಂಡಕ್ಟರು ಮಾನ್ವಿ ಮಾನ್ವಿ ಎಂದು ಕೂಗಿದ.

ಗುಲಾಮ್ ರಸೂಲ್ ಪ್ರಭುರಾಜನ ಜೊತೆ ಮಾನ್ವಿಯ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಈಗ ಬಜಾರಿನಲ್ಲಿ ಅವನದು ಗೋಣಿಚೀಲ, ಹಗ್ಗ, ತಾಡಪತ್ರಿಗಳ ಅಂಗಡಿ; ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಹಸಿರು ಪರದೆ. ಗಂಡಸರ ಗೆಳೆತನ ಶಾಲೆಯ ಬೆಂಚಿನಷ್ಟಕ್ಕೇ ನಿಂತಿತ್ತು. ಆದರೆ ಪ್ರಿಯದರ್ಶಿನಿಯೂ ಗುಲಾಮನ ಹೆಂಡತಿ ಸರ್ವರಿ ಬೇಗಮ್ಮಳೂ ಅದನ್ನು ಎಲ್ಲಿಂದೆಲ್ಲಿಗೋ ಒಯ್ದಿದ್ದರು. ಒಬ್ಬರನ್ನೊಬ್ಬರು ಅಕ್ಕ ಎಂಬ ಅರ್ಥದಲ್ಲಿ ಅಪ್ಪೀ ಎಂದು ಕರೆದುಕೊಳ್ಳುತ್ತಿದ್ದರು, ವಾರಕ್ಕೆರಡು ಸಲ ಫೋನು. ‘ಲೇ ಪ್ರಭ್ಯಾ! ಏನಲೇ ಇದು, ಹುಣ್ಣಿವಿ ಅಮಾಸಿ ಒಂದಾದಂಗ!’ ಎಂದು ಗುಲಾಮ್ ಗಲ್ಲೆಯಿಂದ ಎದ್ದೇ ಬಂದ. ಪರದೆಯ ಹಿಂದಿನಿಂದ ‘ಭಾಯಿಜಾನ್ ಆಯೇ ಕ್ಯಾ ಜೀ? ಬೈಠ್ನೇ ಬೋಲೋ’ ಎಂದು ಸರ್ವರಿ ಬೇಗಮ್ಮಳ ಧ್ವನಿ ಬಂತು, ಕೂರಲು ಹೇಳುತ್ತಿದ್ದಳು. ಬೆನ್ನಿಗೇ ಒಳಗೆಲ್ಲೋ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಪ್ರಭುರಾಜ ತಿರುಗಿ ಬಜಾರಿನ ಕಡೆ ನೋಡಿದ. ಇವರು ಸಾಬರು. ಇವರ ಬಾಗಿಲಲ್ಲಿ ನಿಂತು ನಮ್ಮ ಮಿಷನ್ನಿಗೆ ಕೊಡಿ ಎನ್ನುವುದೇ? ಬಜಾರಿನಲ್ಲಿ ಹೋಗಿಬರುವವರು ಕೇಳಿಸಿಕೊಂಡರೆ ನಾಳೆ ಗುಲಾಮನನ್ನು ನಾಲ್ಕು ಮಾತು ಅಂದಾರು. ಹೆಂಗಸರ ನಡುವೆ ನಡೆಯುವುದು ಗಂಡಸರ ನಡುವೆ ನಡೆಯುತ್ತದೆಯೇ? ತನ್ನ ನಾಚಿಕೆಗೆ ಅವನು ಪರರ ಮೇಲಿನ ಕಾಳಜಿಯ ಅಂಗಿ ತೊಡಿಸುತ್ತಿದ್ದ, ಅದು ಸರಿಯಾಗಿ ಹೊಂದುತ್ತಲೂ ಇತ್ತು. ‘ಯಾಕ ಬಂದಿ ಹೇಳು’ ಎಂದ ಗುಲಾಮ್, ಕಣ್ಣು ಕೈಚೀಲದ ಮೇಲಿಟ್ಟು. ‘ತಾಡಪತ್ರಿ’ ಎಂದ ಪ್ರಭುರಾಜ. ‘ತಾಡಪತ್ರಿ?’ ‘ಹೂಂ, ಒಂದು ತಾಡಪತ್ರಿ ಬೇಕಿತ್ತು.’ ‘ನಿನಗ್ಯಾಕಲೇ ತಾಡಪತ್ರಿ? ಹೊಲ ಇಲ್ಲ, ಹುಲ್ಲಿಲ್ಲ, ಮ್ಯಾಲ ಸ್ಲ್ಯಾಬಿನ ಮನಿ!’ ಪ್ರಭುರಾಜ ನೀಲಿಯದೊಂದನ್ನು ಬೆರಳಿಟ್ಟು ತೋರಿಸಿದ. ಚಹಾ ಬರುವ ಮುಂಚೆಯೇ ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಹೊರಗೆ ಬಂದಾಗ ಕಂಕುಳಲ್ಲಿ ತಾಡಪತ್ರಿ, ಕೈಯಲ್ಲಿ ಹಿಟ್ಟು, ಮತ್ತು ದಿಂಬಿನ ಕವರಿನ ಚೀಲ ಒಂದು ಕಾಳೂ ಇಲ್ಲದೆ ಹಾಗೆಯೇ ಮಡಚಿಕೊಂಡಿತ್ತು. ಅಕ್ಕಿ ಕೇಳಲು ಹೊರಟ ಮನುಷ್ಯ ಸಂತೆ ಮಾಡಿಕೊಂಡು ಬಂದಂತಾಯಿತು.

ಇನ್ನುಳಿದ ಎರಡು ಮೂರು ಮನೆಗಳಿಗೆ ಅವನು ಹೋಗಲೇ ಇಲ್ಲ. ಬಸ್ ನಿಲ್ದಾಣದ ಎದುರಿನ ಅಕ್ಕಿಯ ಅಂಗಡಿಗೆ ನೇರ ಹೋಗಿ, ಸೋನಾ ಮಸೂರಿ, ಇದ್ದುದರಲ್ಲಿ ಒಳ್ಳೆಯದು, ಒಂದು ಮೂಟೆ ತೂಗಿಸಿದ. ಹಿಡಿ ಹಿಡಿ ಕೂಡಿಸಿದರೆ ಇಷ್ಟು ಆಗುತ್ತಿತ್ತೇ? ಮಕ್ಕಳಿಗೆ ಬೇಕಾದದ್ದು ಅನ್ನ. ಎಲ್ಲಿಂದ ಬಂತೆಂದು ಹೊಟ್ಟೆ ಕೇಳುವುದಿಲ್ಲ. ಅಂಗಡಿಯವನ ಮುಂದೆಯೇ ಚೀಲವನ್ನು ಹೊರತೆಗೆದು ತುಂಬಿಸಿಕೊಳ್ಳುವಾಗ, ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹಿಂದಿನ ತಿಂಗಳ ಕಾಳುಗಳು ಬೆರಳಿಗೆ ತಾಗಿದವು. ಒಂದು ದಪ್ಪ ಕೆಂಪಕ್ಕಿ, ಒಂದು ಸಣ್ಣ ನುಚ್ಚು, ಒಂದೆರಡು ಜೋಳದ ಕಾಳು. ಅವನ್ನು ಕೊಡವಬೇಕೆನಿಸಿ ಕೊಡವಲಿಲ್ಲ. ಹೊಸ ಅಕ್ಕಿ ಬೆಳ್ಳಗೆ ಬಿದ್ದು ಅವನ್ನು ಮುಚ್ಚಿತು. ಚೀಲ ತುಂಬಿ ಮಿಕ್ಕಿದ್ದನ್ನು ಮೂಟೆಯಲ್ಲೇ ಬಾಯಿ ಕಟ್ಟಿಸಿ, ಹಮಾಲಿಗೆ ಕಾಸು ಕೊಟ್ಟು ಬಸ್ಸಿಗೆ ಹಾಕಿಸಿದ. ಸಿರವಾರದಲ್ಲಿ ಇಳಿದು ಟಂಟಂ ಹತ್ತಿದ. ಗಾಳಿಗೆ ಮುಖ ಕೊಟ್ಟು ಕೂತಾಗ ಯಾಕೋ ಗೆದ್ದವನಂತೆ ಅನ್ನಿಸುತ್ತಿರಲಿಲ್ಲ.

ಮಿಷನ್ ಮನೆ ಎಂದರೆ ಎರಡು ಕೋಣೆ, ಮುಂದೊಂದು ತಗಡಿನ ಚಪ್ಪರ, ಬೇವಿನ ಮರ. ದುರುಗಮ್ಮ ಅಂಗಳದಲ್ಲೇ ಇದ್ದಳು. ಒಬ್ಬ ಹುಡುಗಿಯ ತಲೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಹೇನು ತೆಗೆಯುತ್ತಿದ್ದವಳು ಎದ್ದು, ‘ಯಪ್ಪಾ, ನೀನ ಬಂದೇನೋ! ನನ ಮಗಳ ಕಾಲು ಹ್ಯಾಂಗದ?’ ಎಂದು ಎರಡೂ ಕೈಗಳಿಂದ ಅವನ ಕೆನ್ನೆ ಸವರಿ ಲಟಿಕೆ ಮುರಿದಳು. ಕಚೇರಿಯಲ್ಲಿ ಹೀಗೆ ಯಾರೂ ಅವನ ಮುಖ ಮುಟ್ಟಿದವರಿಲ್ಲ. ಮಕ್ಕಳು ಮೂಟೆಗೆ ಮುತ್ತಿಕೊಂಡು, ಆ ಹೊಸ ತಾಡಪತ್ರಿ ಕಂಡ ಕೂಡಲೇ ಕೇಳದೆಯೇ ಬಿಚ್ಚಿ ಅಂಗಳದ ತುಂಬ ಹಾಸಿದರು. ಚೀಲದ ಅಕ್ಕಿಯನ್ನು ಅದರ ಮೇಲೆ ಸುರಿದರು. ಏನು ಮಾಡುತ್ತಿದ್ದಾರೆಂದು ಪ್ರಭುರಾಜನಿಗೆ ತಿಳಿಯುವಷ್ಟರಲ್ಲಿ ಎಲ್ಲರೂ ಸುತ್ತ ಕೂತು ಬೆರಳಾಡಿಸತೊಡಗಿದ್ದರು. ಇದು ಅವರ ಪ್ರತಿ ತಿಂಗಳ ಆಟವಂತೆ. ಬಣ್ಣ ನೋಡಿ, ದಪ್ಪ ನೋಡಿ, ಇದು ಗಿರಣಿ ಅವ್ವಂದು, ಇದು ಮಾನ್ವಿ ಖಾಲಾಂದು, ಅಂದರೆ ಸರ್ವರಿ ಚಿಕ್ಕಮ್ಮಂದು, ಎಂದು ಕೂಗುವುದು. ಸಿಕ್ಕ ಕಾಳಿನವರ ಹೆಸರು ಹೇಳಿ ದುರುಗಮ್ಮನ ಜೊತೆ ಪ್ರಾರ್ಥನೆ ಮಾಡುವುದು. ಅರ್ಧ ಊಹೆ, ಅರ್ಧ ಸುಳ್ಳು, ಪೂರ್ತಿ ಖುಷಿ. ಇವತ್ತು ಬೆರಳುಗಳು ಆಡಿದವು, ಆಡಿದವು, ಎಲ್ಲಿ ನೋಡಿದರೂ ಒಂದೇ ಬಿಳಿ. ‘ಮಾಮಾ, ಖಾಲಾಂದು ಯಾವುದು?’ ಎಂದು ಹೇನಿನ ತಲೆಯ ಹುಡುಗಿ ಕೇಳಿದಳು. ‘ಎಲ್ಲಾ... ಎಲ್ಲಾ ಕೂಡೇದವ್ವಾ’ ಎಂದ ಪ್ರಭುರಾಜ. ‘ಹಂಗಾರ ಎಲ್ಲಾರ ಹೆಸರೂ ಹೇಳೂಣು’ ಎಂದು ದುರುಗಮ್ಮ ಕೈ ಜೋಡಿಸಿದಳು. ಮಕ್ಕಳು ಕಣ್ಣು ಮುಚ್ಚಿದರು. ‘ಗಿರಣಿ ಮಂಜುಳವ್ವನ್ನ ಆಶೀರ್ವಾದ ಮಾಡು ಸ್ವಾಮಿ. ಸರ್ವರಿ ಖಾಲಾನ್ನ ಆಶೀರ್ವಾದ ಮಾಡು ಸ್ವಾಮಿ. ಗುಲಾಮ್ ಮಾಮಾನ ಅಂಗಡಿ ಚಲೋ ನಡೀಲಿ ಸ್ವಾಮಿ...’ ಕೊಟ್ಟೇ ಇಲ್ಲದವರಿಗೆ ಮಕ್ಕಳ ಬಾಯಿಂದ ಆಶೀರ್ವಾದ ಹರಿಯುತ್ತಿತ್ತು. ಅಲ್ಲ, ಕೊಟ್ಟೇ ಇಲ್ಲವೆಂದಲ್ಲ. ಒಬ್ಬಳು ಡಬ್ಬಿಯ ಮೇಲೆ ಕೈ ಇಟ್ಟು ನಿಂತಿದ್ದಳಲ್ಲ, ಇನ್ನೊಬ್ಬಳು ಪರದೆಯ ಒಳಗೆ ಮುಚ್ಚಳ ತೆಗೆದಿದ್ದಳಲ್ಲ! ಪ್ರಭುರಾಜನಿಗೆ ಕಣ್ಣು ಮುಚ್ಚಲೂ ಆಗಲಿಲ್ಲ, ತೆರೆದಿರಲೂ ಆಗಲಿಲ್ಲ.

ಆಗಲೇ ಫೋನು ಬಂತು. ಪ್ರಿಯದರ್ಶಿನಿ. ಬೇವಿನ ಮರದ ಆಚೆ ಹೋಗಿ ಕಿವಿಗಿಟ್ಟುಕೊಂಡ. ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ‘ಸರ್ವರಿ ಫೋನ್ ಮಾಡಿದ್ಲು ರೀ. ಅಳಾಕತ್ತಿದ್ಲು. ಮೊನ್ನಿ ಮುಗಿದ ರೋಜಾದ ತಿಂಗಳದಾಗ ನಸುಕಿನ ಸಹರಿ ಊಟಕ್ಕ ಎದ್ದು ಅಡಿಗಿ ಮಾಡುಮುಂದೂ ಬಿಡದಂಗ ತೆಗೆದಿಟ್ಟಾಳಂತ. ಡಬ್ಬಿ ಹಿಡ್ಕೊಂಡು ಪರದೆತನಕ ಬಂದ್ಲಂತ, ನೀವು ಎದ್ದು ಹೋಗೀರಂತ. ನಾವು ಮುಸಲ್ಮಾನರು ಅಂತ ಈ ಸಲ ನಮ್ಮ ಅಕ್ಕಿ ಬ್ಯಾಡಾತೇನು ಅಪ್ಪೀ, ನಿಮ್ಮ ಸಭೆಯೋರು ಏನರ ಅಂದ್ರೇನು ಅಂತ ಕೇಳಿದ್ಲು. ನಾ ಏನ್ ಹೇಳ್ಲಿ?’ ಪ್ರಭುರಾಜ ಬೇವಿನ ಕಾಂಡಕ್ಕೆ ಒರಗಿದ. ಅವರ ಮಾನ ಉಳಿಸಲು ಹೋಗಿ ಅವರ ಮಾನಕ್ಕೇ ಕೈ ಹಾಕಿದ್ದ. ಕೈಚಾಚಿ ಕೇಳುವುದು ಅವಮಾನ ಎಂದು ಬದುಕೆಲ್ಲ ನಂಬಿದವನಿಗೆ, ಕೇಳದೆ ಬಿಟ್ಟದ್ದಕ್ಕೆ ಒಬ್ಬ ಹೆಂಗಸು ಪರದೆಯ ಹಿಂದೆ ಡಬ್ಬಿ ಹಿಡಿದು ಅಳಬಹುದು ಎಂಬುದು ಹೊಳೆದೇ ಇರಲಿಲ್ಲ. ಮತ್ತು ಅಪ್ಪ? ಸೈಕಲ್ಲು ಕಟ್ಟೆಗೊರಗಿಸಿ ರೊಟ್ಟಿ ಕೇಳುತ್ತಿದ್ದ ಅಪ್ಪನಿಗೆ ಇದು ತಿಳಿದಿತ್ತೇ? ಆ ಅವ್ವಂದಿರು ರೊಟ್ಟಿಯ ಮೇಲೆ ಪಲ್ಯ ಹಾಕಿ ಕೊಡುವಾಗ ಅವರ ಮುಖ ಹೇಗಿತ್ತು? ಅವನು ತಲೆ ಎತ್ತಿ ನೋಡಿಯೇ ಇರಲಿಲ್ಲವಲ್ಲ!

ಅಂಗಳಕ್ಕೆ ಬಂದು, ಮಕ್ಕಳೆದುರೇ, ‘ಯವ್ವಾ, ಇದು ಅಂಗಡಿ ಅಕ್ಕಿ. ನಾನ ಕೊಂಡು ತಂದೀನಿ. ಯಾರನ್ನೂ ಕೇಳಿಲ್ಲ ನಾ, ಕೇಳಾಕ ಬಾಯೇ ಬರಲಿಲ್ಲ’ ಎಂದ. ದುರುಗಮ್ಮ ಅವನನ್ನು ನೋಡಿದಳು. ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದವನಿಗೆ ಅವಳ ಬೊಚ್ಚುಬಾಯಿಯ ನಗು ಸಿಕ್ಕಿತು. ‘ಅಯ್ಯ ನನ ಕಂದಾ, ಅಷ್ಟಕ್ಕ ಮುಖ ಇಷ್ಟು ಸಣ್ಣದು ಮಾಡಿಯಲ್ಲೋ! ನಿನ ಅಕ್ಕಿನೂ ಅಕ್ಕಿನೇ. ಸೋಮವಾರ ನಾಕು ಮಕ್ಕಳನ್ನ ಹೆಚ್ಚಿಗಿ ಇಳಿಸ್ಕೊಂತೀನಿ ಇದರಾಗ. ಬರ್ರೆ ಕೂಸುಗಳಾ, ಮಾಮಾನ ಹೆಸರು ಹೇಳೂದು ಉಳಿದದ.’ ಮಕ್ಕಳು ಮತ್ತೆ ಕಣ್ಣು ಮುಚ್ಚಿದರು, ಹೊಸ ಹೆಸರು ಸಿಕ್ಕ ಉಮೇದಿನಲ್ಲಿ. ದುರುಗಮ್ಮ ಮುಖ ಮೇಲೆತ್ತಿ, ಪಕ್ಕದ ಓಣಿಯವರನ್ನು ಕರೆಯುವ ಧ್ವನಿಯಲ್ಲಿ ಹೇಳಿದಳು: ‘ಸ್ವಾಮೀ, ನಮ್ಮ ಪ್ರಭುರಾಜಪ್ಪಗ ಕೊಡೋ ಕೈ ಕೊಟ್ಟಿ. ಕೇಳೋ ಬಾಯಿನೂ ಕೊಡಪ್ಪಾ.’ ಆಮೆನ್ ಎಂದು ಮಕ್ಕಳು ಕಿರುಚಿದರು. ತನ್ನ ಹೆಸರು ಹಿಡಿದು ಯಾರಾದರೂ ದೇವರನ್ನು ಹೀಗೆ ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಖಾಲಿ ಚೀಲವನ್ನು ಕೊಡವಲು ಹೋದ ಹುಡುಗಿಯ ಕೈಯಿಂದ ಅದನ್ನು ಇಸಿದುಕೊಂಡು, ಹೊಲಿಗೆಯ ಸಂದಿಯ ಕಾಳುಗಳು ಉದುರದಂತೆ ಸುತ್ತಿಕೊಂಡು, ಅವನು ರಸ್ತೆಗೆ ಓಡಿದ.

ಮಾನ್ವಿಯ ಬಜಾರಿನಲ್ಲಿ ದೀಪ ಹಚ್ಚುವ ಹೊತ್ತು. ಗುಲಾಮನ ಅಂಗಡಿಯಲ್ಲಿ ಇಬ್ಬರು ರೈತರು ಹಗ್ಗ ಎಳೆದು ನೋಡುತ್ತಿದ್ದರು. ಗುಲಾಮ್ ಈ ಸಲ ಗಲ್ಲೆಯಿಂದ ಏಳಲಿಲ್ಲ. ‘ಯಾಕಪಾ, ತಾಡಪತ್ರಿ ತೂತು ಬಿತ್ತೇನು?’ ಎಂದ. ಮಾತು ನಗೆಯದೇ, ಮುಖ ಮಾತ್ರ ನಗಲಿಲ್ಲ. ಹಸಿರು ಪರದೆ ಅಲುಗಲಿಲ್ಲ. ಆದರೆ ಅದರ ಕೆಳಗೆ, ನೆಲದಿಂದ ಗೇಣು ಮೇಲಕ್ಕೆ, ಎರಡು ಪಾದಗಳು ಕಾಣುತ್ತಿದ್ದವು. ಪ್ರಭುರಾಜ ಆ ಪಾದಗಳ ಮುಂದೆ ಹೋಗಿ ನಿಂತ. ಕೈಚೀಲವನ್ನು ಕೆಳಗಿಟ್ಟ. ದಿಂಬಿನ ಕವರಿನ ಚೀಲವನ್ನು ಬಿಚ್ಚಿ, ಒಂದು ಕೈಯಲ್ಲಿ ಹಿಡಿದ, ಬಾಯಿ ಮುಚ್ಚಿಕೊಂಡಿತು. ಎರಡೂ ಕೈಯಿಂದ ಅಗಲಿಸಿದ. ಬೆನ್ನ ಹಿಂದೆ ರೈತರು ಹಗ್ಗ ಎಳೆಯುವುದನ್ನು ಬಿಟ್ಟು ನೋಡುತ್ತಿರುವುದು ಗೊತ್ತಾಗುತ್ತಿತ್ತು. ನೋಡಲಿ. ‘ಭಾಭೀ’ ಎಂದ. ಸ್ವರ ಹುಡುಗನದರ ಹಾಗೆ ಒಡೆದು ಬಂತು. ‘ಭಾಭೀ, ಕೇಳಾಕ ಬಂದೀನಿ. ಮುಂಜಾನಿನೇ ಕೇಳಬೇಕಿತ್ತು, ನಾಚಿಕಿ ಬಂತು. ಅದು ನನ್ನ ರೋಗ ರೀ, ಯಾರೂ ಏನೂ ಅಂದಿಲ್ಲ. ಅರಕೇರಾದ ಮಕ್ಕಳಿಗಿ ಒಂದ್ ಹಿಡಿ ಅಕ್ಕಿ ನೀಡ್ರಿ.’

ಪಾದಗಳು ಅಲ್ಲಾಡಲಿಲ್ಲ. ‘ಯಾರ ಕೆಲಸಕ್ಕ ಕೇಳಾಕತ್ತೀರಿ?’ ಎಂದಿತು ಪರದೆಯ ಹಿಂದಿನ ದನಿ. ‘ಅಪ್ಪೀ ಪ್ರತಿ ಸಲಾನೂ ಹೇಳಿ ಕೇಳ್ತಾಳ. ಮುಚ್ಚಿಟ್ಟು ಕೇಳೂದಿಲ್ಲ ಆಕಿ.’ ಪ್ರಭುರಾಜ ಚೀಲವನ್ನು ಇನ್ನಷ್ಟು ಮೇಲೆತ್ತಿದ. ‘ನಮ್ಮ ಮಿಷನ್ ಕೆಲಸಕ್ಕ ರೀ. ನಮ್ಮ ಯೇಸುಸ್ವಾಮಿ ಹೆಸರಿಲೆ’ ಎಂದ, ಬಜಾರಿಗೆಲ್ಲ ಕೇಳಿಸುವಷ್ಟು ಜೋರಾಗಿ. ಅಷ್ಟು ಜೋರು ಬೇಕಿರಲಿಲ್ಲ. ಪರದೆ ಸರಿಯಿತು. ಸರ್ವರಿ ಬೇಗಂ ಹಾಲಿನ ಪುಡಿಯ ಹಳೆಯ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದಳು, ಕಣ್ಣಿನ ರೆಪ್ಪೆ ಇನ್ನೂ ಊದಿಕೊಂಡಿತ್ತು. ಡಬ್ಬಿಯನ್ನು ಬಗ್ಗಿಸಿದಳು. ಅಕ್ಕಿ ಚೀಲದೊಳಗೆ ಬೀಳುವ ಸದ್ದು ಇಷ್ಟು ಹೊತ್ತು ಬರುತ್ತದೆ ಎಂದು ಅವನು ಎಣಿಸಿರಲಿಲ್ಲ. ಒಂದು ತಿಂಗಳ ಸಂಜೆಗಳು, ನಸುಕುಗಳು, ಆ ಮನೆಯವರು ತಿನ್ನದೆ ಉಳಿಸಿದ ತುತ್ತುಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಅಂಗಡಿಯ ಮೂಟೆಗಿಂತ ಈ ಒಂದು ಡಬ್ಬಿ ಕೈಗೆ ಭಾರವಾಗಿ ಜಗ್ಗಿತು. ‘ಇವತ್ತಿಂದು’ ಎಂದು ಅವಳು ಕೊನೆಗೊಂದು ಹಿಡಿಯನ್ನು ಕೈಯಾರೆ ನೀಡಿದಳು. ಆಗ ಗುಲಾಮ್ ಗಲ್ಲೆಯ ಮೇಲೆ ಕೈ ಬಡಿದು ನಕ್ಕ. ‘ಇಷ್ಟು ಕೇಳೂದು ಬಿಟ್ಟು ತಾಡಪತ್ರಿ ಕೊಂಡಿಯಲ್ಲಲೇ ಹುಚ್ಚಪ್ಯಾಲಿ! ಕುಂದ್ರು, ಚಾ ಕುಡದು ಹೋಗು.’ ರೈತರಲ್ಲೊಬ್ಬ ಹತ್ತಿರ ಬಂದು ಚೀಲದೊಳಗೆ ಇಣುಕಿ, ಅರಕೇರಾದಲ್ಲಿ ಏನು ನಡೆಸುತ್ತೀರಿ ಎಂದು ಕೇಳಿದ. ಪ್ರಭುರಾಜ ಹೇಳಿದ. ಚಹಾ ಆರುವವರೆಗೂ ಹೇಳುತ್ತಲೇ ಇದ್ದ.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿಗೆ ಫೋನು ಮಾಡಿದ. ಅವಳು ಏನಾಯಿತೆಂದು ಕೇಳಲಿಲ್ಲ. ಸರ್ವರಿಯ ಫೋನು ಆಗಲೇ ಬಂದಿರಬೇಕು, ಉಸಿರಾಟದಲ್ಲೇ ನಗು ಕೇಳುತ್ತಿತ್ತು. ಅವಳು ಕಟ್ಟೆಯ ಕೆಳಗೆ ನಿಂತು ಮುಖವೆತ್ತಿ ನಕ್ಕಿದ್ದು ನೆನಪಾಗಿ, ಇಷ್ಟು ವರ್ಷ ಆ ಮುಖ ತನಗೆ ಯಾಕೆ ಕಾಣಲಿಲ್ಲವೆಂಬುದು ಅವನಿಗೆ ತಿಳಿಯಿತು. ಅವಳನ್ನು ಅವನು ಏನನ್ನೂ ಕೇಳಿಯೇ ಇರಲಿಲ್ಲ. ‘ಪ್ರಿಯಾ’ ಎಂದ. ‘ಹೂಂ?’ ‘ನಾಳೆ ಆರಾಧನಿಗಿ ಹೋಗೂದ್ರಾಗ ಒಂದೀಟು ಹೊತ್ತು ಬೇಕು ನನಗ. ಮಂಜುಳಾ ಗಿರಣಿ ಎಷ್ಟೊತ್ತಿಗಿ ತೆಗೀತಾಳ?’